ನಗು ಎಲ್ಲಿ ನಿಂತಿತು ಎಂದು ಕೇಳಿ: ಕಹಿ ಹಾಸ್ಯದ ಧಾರಾವಾಹಿಯನ್ನು ನೆರೆಹೊರೆಯವರ ಜೊತೆ ನೋಡುವ ಬಗೆ

ನೋಡಿ ಮುಗಿಸಿದವರನ್ನು ‘ಹೇಗಿತ್ತು?’ ಎಂದು ಕೇಳಲೇಬೇಡಿ. ‘ಚೆನ್ನಾಗಿತ್ತು’ ಎನ್ನುತ್ತಾರೆ, ಜಗಲಿಯಲ್ಲಿ ಕೊಡೆ ಹುಡುಕುತ್ತಾರೆ, ಹೊರಟುಬಿಡುತ್ತಾರೆ. ಕೊಡಗಿನ ಬೆಟ್ಟಗೇರಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲದ ಸಂಜೆ ಅಕ್ಕಪಕ್ಕದವರನ್ನು ಕೂಡಿಸಿ ಏನಾದರೊಂದು ತೋರಿಸುವ ಚಟ ನನಗೆ ಹತ್ತಿದ್ದು 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಮೇಲೆ. ಜೋರು ಮಳೆಯ ರಾತ್ರಿ ಒಬ್ಬೊಬ್ಬರೇ ಹಿತ್ತಿಲ ಕಡೆಗೆ ಕಿವಿಕೊಟ್ಟು ಕೂರುವುದಕ್ಕಿಂತ ಹತ್ತು ಜನ ಒಂದೆಡೆ ಕೂರುವುದು ಮೇಲು ಅನ್ನಿಸಿತ್ತು. ಮೊದಲ ಎರಡು ವರ್ಷ ನಾನೂ ‘ಹೇಗಿತ್ತು?’ ಎಂದೇ ಕೇಳಿದೆ. ನನ್ನ ನೋಟ್‌ಬುಕ್ಕಿನಲ್ಲಿ ಆಗಿನ ಪುಟಗಳೆಲ್ಲ ‘ಚೆನ್ನಾಗಿತ್ತು’ಗಳ ಪಟ್ಟಿ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಆಮೇಲೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಒಂದೇ ಕೃತಿ ಸಾಕು: ‘ಎ ವೆರಿ ಇಂಗ್ಲಿಷ್ ಸ್ಕ್ಯಾಂಡಲ್’. 2018ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಮೂರೇ ಕಂತಿನ ಧಾರಾವಾಹಿ. ಬ್ರಿಟನ್ನಿನ ಲಿಬರಲ್ ಪಕ್ಷದ ನಾಯಕ ಜೆರೆಮಿ ಥಾರ್ಪ್, ಅವರ ಪ್ರಿಯಕರ ತಾನಾಗಿದ್ದೆ ಎಂದು ಸಾರಿದ ನಾರ್ಮನ್ ಸ್ಕಾಟ್, ಅವನನ್ನು ಕೊಲ್ಲಿಸಲು ನಡೆಯಿತೆನ್ನಲಾದ ಸಂಚು, 1979ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣೆ, ಇಷ್ಟು ಕಥೆ. ಬರೆದವರು ರಸೆಲ್ ಟಿ. ಡೇವಿಸ್, ನಿರ್ದೇಶಿಸಿದವರು ಸ್ಟೀಫನ್ ಫ್ರಿಯರ್ಸ್. ಥಾರ್ಪ್ ಆಗಿ ಹ್ಯೂ ಗ್ರಾಂಟ್, ನಾರ್ಮನ್ ಆಗಿ ಬೆನ್ ವಿಶಾ. ಮೂರು ಕಂತು, ಮೂರು ಸಂಜೆ. ಎಂಟು ಹತ್ತು ಕಂತಿನ ಸರಣಿಯನ್ನು ಊರವರಿಗೆ ತೋರಿಸಲು ಹೋಗಬೇಡಿ. ನಡುವೆ ಒಂದು ಮದುವೆ, ಒಂದು ಸಾವು ಬಂದೇ ಬರುತ್ತದೆ, ಅರ್ಧ ಜನ ಕಥೆಯ ಎಳೆ ಕಳೆದುಕೊಳ್ಳುತ್ತಾರೆ.

ಮೊದಲು ಯಂತ್ರದ ಮಾತು ಮುಗಿಸಿಬಿಡೋಣ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಡಿಟಿಎಚ್ ತಟ್ಟೆ ಅಲಂಕಾರಕ್ಕೆ, ನೆಟ್‌ವರ್ಕ್ ನಂಬಿಕೆಗೆ. ಆದ್ದರಿಂದ ಎಲ್ಲವನ್ನೂ ಮೊದಲೇ ಕೈಯಲ್ಲಿಟ್ಟುಕೊಳ್ಳಬೇಕು. ನನ್ನ ಮಗಳು ಇಂಗ್ಲೆಂಡಿನಿಂದ ಡಿವಿಡಿ ತಂದುಕೊಟ್ಟಿದ್ದಳು. ಒಂಬತ್ತು ಜನ ಬಂದು ಕೂತ ಮೇಲೆ ಪ್ಲೇಯರಿಗೆ ಹಾಕಿದರೆ ಅದು ಉಗುಳಿತು. ಇಂಗ್ಲೆಂಡಿನ ಡಿವಿಡಿ ವಲಯ 2ರದ್ದು, ಭಾರತದ ಪ್ಲೇಯರ್ ವಲಯ 5ರದ್ದು. ಒಂದರ ಮಾತು ಇನ್ನೊಂದು ಕೇಳುವುದಿಲ್ಲ. ಕೊನೆಗೆ ಅಳಿಯನ ಹಳೆಯ ಲ್ಯಾಪ್‌ಟಾಪಿನ ಡ್ರೈವಿನ ವಲಯ ಬದಲಿಸಿ ಟಿವಿಗೆ ಜೋಡಿಸಿದೆವು. ಸಾಮಾನ್ಯವಾಗಿ ಅಂಥ ಡ್ರೈವ್ ಐದು ಸಲ ಮಾತ್ರ ವಲಯ ಬದಲಿಸಲು ಬಿಡುತ್ತದೆ, ಆಮೇಲೆ ಕೊನೆಯದಕ್ಕೇ ಕಚ್ಚಿಕೊಳ್ಳುತ್ತದೆ. ಹುಡುಗರ ಕೈಗೆ ಕೊಟ್ಟು ಆಟವಾಡಿಸಬೇಡಿ. ಇನ್ವರ್ಟರಿನ ಬ್ಯಾಟರಿಗೆ ಬೆಳಿಗ್ಗೆಯೇ ನೀರು ನೋಡಿ. ಇಷ್ಟು ಸಾಕು.

ಜನರ ವಿಷಯಕ್ಕೆ ಬಂದರೆ, ಹತ್ತಕ್ಕಿಂತ ಹೆಚ್ಚು ಬೇಡ. ಒಂದೇ ಬಗೆಯವರೂ ಬೇಡ. ನನ್ನ ಆ ಸಲದ ಕೂಟದಲ್ಲಿ ಸೈನ್ಯದಿಂದ ನಿವೃತ್ತರಾದ ಮೇಲಿನ ಮನೆಯ ಅಜ್ಜ, ಪಂಚಾಯಿತಿಗೆ ಒಮ್ಮೆ ನಿಂತು ಸೋತ ಅಂಗಡಿಯವರು, ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯದ ಹಿಡುವಳಿ ಜಮೀನಿನ ದಾಖಲೆ ಸರಿಪಡಿಸಲು ವರ್ಷಗಟ್ಟಲೆ ಅಲೆಯುತ್ತಿದ್ದ ಕಾಫಿ ಬೆಳೆಗಾರರು, ಕಾಲೇಜಿನ ಇಬ್ಬರು ಹುಡುಗಿಯರು, ತೋಟದ ಕೂಲಿಯವರ ಲೈನ್ ಮನೆಯಿಂದ ನನಗೆ ಕೈಯಾಸರೆಗೆ ಬರುವ ಹೆಂಗಸು ಎಲ್ಲ ಇದ್ದರು. ಆಕೆಗೆ ಇಂಗ್ಲಿಷ್ ಒಂದಕ್ಷರ ಬಾರದು. ಅಂಥವರನ್ನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡಲು ಬಿಡಬೇಡಿ, ಕುರ್ಚಿ ಹಾಕಿ ಕೂರಿಸಿ. ಮಾತು ಅರ್ಥವಾಗದವರು ಮುಖವನ್ನು ಓದುತ್ತಾರೆ. ಮೊದಲ ಸಂಜೆ ಥಾರ್ಪ್ ಬಗ್ಗೆ ಆಕೆ ಹೇಳಿದ್ದು ಹೀಗೆ: “ಅವನು ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ, ಮೊದಲೇ ತಲೆಯಾಡಿಸುತ್ತಾನೆ. ನಮ್ಮ ರೈಟರೂ ಹಾಗೆಯೇ.” ತೋಟದ ಲೆಕ್ಕ ಬರೆಯುವ ರೈಟರನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ನಾನಾದರೋ ಬ್ರಿಟಿಷ್ ವರ್ಗವ್ಯವಸ್ಥೆಯ ಮೇಲೆ ಅರ್ಧ ಗಂಟೆ ಮಾತಾಡಲು ತಯಾರಾಗಿ ಬಂದಿದ್ದೆ. ಬಾಯಿ ಮುಚ್ಚಿಕೊಂಡೆ.

ಮೊದಲೇ ಎಷ್ಟು ಹೇಳಬೇಕು ಎನ್ನುವುದು ಮುಖ್ಯ. ಐದೇ ಹೆಸರು: ಥಾರ್ಪ್, ನಾರ್ಮನ್, ಥಾರ್ಪನ ಸಂಸದ ಗೆಳೆಯ ಪೀಟರ್ ಬೆಸೆಲ್, ಇನ್ನೊಬ್ಬ ಗೆಳೆಯ ಡೇವಿಡ್ ಹೋಮ್ಸ್, ಬಂದೂಕಿನವನು ನ್ಯೂಟನ್. ಮಕ್ಕಳ ಸ್ಲೇಟಿನ ಮೇಲೆ ಕನ್ನಡದಲ್ಲಿ ಬರೆದು ಟಿವಿಯ ಪಕ್ಕ ನಿಲ್ಲಿಸಿ. ಜೊತೆಗೆ ಎರಡು ಸಂಗತಿ. ಒಂದು, 1967ರವರೆಗೆ ಇಂಗ್ಲೆಂಡಿನಲ್ಲಿ ಗಂಡು ಗಂಡಿನ ಸಂಬಂಧ ಶಿಕ್ಷಾರ್ಹ ಅಪರಾಧವಾಗಿತ್ತು, ಸಿಕ್ಕಿಬಿದ್ದರೆ ಜೈಲು. ಎರಡು, ಅಲ್ಲಿ ಉದ್ಯೋಗ ಹಿಡಿಯಲು ರಾಷ್ಟ್ರೀಯ ವಿಮೆಯ ಕಾರ್ಡ್ ಬೇಕಿತ್ತು. ನಾರ್ಮನ್ ಜೀವಮಾನವಿಡೀ ಅದಕ್ಕಾಗಿಯೇ ಗೋಗರೆಯುತ್ತಾನೆ. ತೀರ್ಪು ಏನಾಯಿತು ಎಂಬುದನ್ನು ಯಾವ ಕಾರಣಕ್ಕೂ ಹೇಳಬೇಡಿ. ಗೊತ್ತಿದ್ದವರ ಬಾಯಿಗೆ ಬಾಳೆಕಾಯಿ ಚಿಪ್ಸ್ ತುಂಬಿ.

ಒಂದು ಪದಕ್ಕೆ ಮಾತ್ರ ಎಚ್ಚರಿಕೆ ಕೊಡುವುದನ್ನು ನಾನು ಮರೆತಿದ್ದೆ. ಥಾರ್ಪ್ 1962ರಲ್ಲಿ ನಾರ್ಮನ್ನನಿಗೆ ಬರೆದ ಪತ್ರದಲ್ಲಿ ಅವನನ್ನು ಮೊಲದ ಮರಿ ಎಂಬರ್ಥದಲ್ಲಿ ‘ಬನ್ನಿ’ ಎಂದು ಕರೆದು, ಬನ್ನಿಗಳು ಫ್ರಾನ್ಸಿಗೆ ಹೋಗಬಹುದು ಎಂದಿದ್ದರು. 1976ರಲ್ಲಿ ಆ ಪತ್ರ ಪತ್ರಿಕೆಯಲ್ಲಿ ಅಚ್ಚಾಗಿ ಅವರು ನಾಯಕಸ್ಥಾನ ಬಿಡಬೇಕಾಯಿತು. ನಾನು ಅದನ್ನು ವಿವರಿಸುತ್ತ ‘ಬನ್ನಿ, ಫ್ರಾನ್ಸಿಗೆ ಹೋಗಬಹುದು’ ಎಂದದ್ದೇ ತಡ, ಅಂಗಡಿಯವರು “ಹೋಗಿ ಎನ್ನುವುದಕ್ಕೂ ಬನ್ನಿ ಎನ್ನುತ್ತಾರಲ್ಲ, ಎಷ್ಟು ಮರ್ಯಾದೆ!” ಎಂದರು. ಹತ್ತು ನಿಮಿಷ ಯಾರೂ ತೆರೆ ನೋಡಲಿಲ್ಲ. ಇಂಥ ನಗುವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಧಾರಾವಾಹಿಯ ನಗುವಲ್ಲ, ಕನ್ನಡದ್ದು.

ಈಗ ನೋಟ್‌ಬುಕ್ಕಿನ ವಿಚಾರ. ತೆರೆಯನ್ನು ಎಡಗಣ್ಣಿಗೆ, ಜನರನ್ನು ಬಲಗಣ್ಣಿಗೆ ಬಿಟ್ಟು ಕೂರುವ ಒಂದು ಮೂಲೆ ಪ್ರತಿ ಮನೆಯಲ್ಲೂ ಇರುತ್ತದೆ. ನನ್ನದು ಹೊಲಿಗೆ ಯಂತ್ರದ ಹಿಂದೆ. ಎಡಬದಿಯಲ್ಲಿ ದೃಶ್ಯದ ಹೆಸರು, ಬಲಬದಿಯಲ್ಲಿ ಒಂದೊಂದೇ ಅಕ್ಷರ. ‘ನ’ ಎಂದರೆ ನಕ್ಕರು. ‘ನ½’ ಎಂದರೆ ನಗು ಅರ್ಧಕ್ಕೆ ನಿಂತಿತು. ‘ಮೌ’ ಮೌನ. ‘ಪ’ ಎಂದರೆ ಪಕ್ಕದವರ ಮುಖ ನೋಡಿದರು. ‘ಮೊ’ ಎಂದರೆ ಮೊಬೈಲಿಗೆ ಕೈ ಹೋಯಿತು, ಅಂದರೆ ದೃಶ್ಯ ಸೋತಿತು. ಇವುಗಳಲ್ಲಿ ಚಿನ್ನ ಯಾವುದೆಂದರೆ ‘ನ½’ ಮತ್ತು ‘ಪ’. ಕಹಿ ಹಾಸ್ಯ ನೋಡುವವರು ನಗುವ ಮೊದಲು ‘ಇಲ್ಲಿ ನಗಬಹುದೇ?’ ಎಂದು ಪಕ್ಕದವರನ್ನು ಕೇಳುತ್ತಾರೆ, ಕಣ್ಣಿನಲ್ಲಿಯೇ. ಸಾವಿನ ಮನೆಯಲ್ಲಿ ಯಾರಾದರೂ ಜಾರಿ ಬಿದ್ದಾಗ ಆಗುವುದೂ ಇದೇ.

ನನ್ನ ಪುಟಗಳಲ್ಲಿ ಅತಿ ಗಿಜಿಗುಟ್ಟಿದ ಪುಟ ನಾಯಿಯದು. 1975ರ ಅಕ್ಟೋಬರ್ ರಾತ್ರಿ, ಎಕ್ಸ್‌ಮೂರ್ ಎಂಬ ಗಾಳಿ ಮಳೆಯ ಬಯಲು. ನ್ಯೂಟನ್ ಕಾರಿನಲ್ಲಿ ನಾರ್ಮನ್ನನನ್ನು ಕರೆದೊಯ್ಯುತ್ತಾನೆ. ನಾರ್ಮನ್ ಜೊತೆಗೆ ರಿಂಕಾ ಎಂಬ ಗ್ರೇಟ್ ಡೇನ್ ನಾಯಿ, ಕರುವಿನಷ್ಟು ಎತ್ತರದ್ದು. ಕೊಲ್ಲಲು ಬಂದವನಿಗೆ ನಾಯಿಯೆಂದರೆ ಭಯ. ಅದಕ್ಕೂ ಮೊದಲು ಅವನು ಬಾರ್ನ್‌ಸ್ಟೇಪಲ್‌ಗೆ ಹೋಗಬೇಕಾದವನು ಡನ್‌ಸ್ಟೇಬಲ್‌ಗೆ ಹೋಗಿ ಅಲ್ಲಿ ನಾರ್ಮನ್ನನನ್ನು ಹುಡುಕಿರುತ್ತಾನೆ. ಇದು ನಿಜವಾಗಿ ನಡೆದದ್ದು ಎಂದಾಗ ಯಾರೂ ನಂಬಲಿಲ್ಲ. “ನಮ್ಮ ಸಿದ್ದಾಪುರಕ್ಕೆ ಬರಬೇಕಾದವನು ಉತ್ತರ ಕನ್ನಡದ ಸಿದ್ದಾಪುರದಲ್ಲಿ ಇಳಿದ ಹಾಗೆ” ಎಂದೆ. ಆಗ ನಂಬಿದರು. ಪರದೇಶದ ಹಾಸ್ಯಕ್ಕೆ ವಿವರಣೆ ಕೊಡಬೇಕಾದಾಗ ಹೀಗೆ ಹತ್ತಿರದ ಊರೊಂದನ್ನು ತಂದಿಡಿ, ಒಂದೇ ವಾಕ್ಯದಲ್ಲಿ. ಎರಡನೆಯ ವಾಕ್ಯಕ್ಕೆ ಹೋದರೆ ಪಾಠವಾಗುತ್ತದೆ.

ಆಮೇಲೆ ಗುಂಡು. ಮೊದಲ ಗುಂಡಿಗೆ ನಾಯಿ ಸಾಯುತ್ತದೆ. ಪಿಸ್ತೂಲನ್ನು ನಾರ್ಮನ್ ಕಡೆಗೆ ತಿರುಗಿಸಿದರೆ ಅದು ಕಚ್ಚಿಕೊಳ್ಳುತ್ತದೆ. ಮತ್ತೆ ಒತ್ತುತ್ತಾನೆ, ಬೈಯುತ್ತಾನೆ, ಕಾರು ಹತ್ತಿ ಓಡುತ್ತಾನೆ. ಈ ಅರೆನಿಮಿಷಕ್ಕೆ ನನ್ನ ಪುಟದಲ್ಲಿ ಐದೂ ಗುರುತುಗಳಿವೆ, ‘ಮೊ’ ಒಂದನ್ನು ಬಿಟ್ಟು. ಬೇರೆ ಊರಿನಲ್ಲಿ ಹೇಗೋ ಕಾಣೆ. ಕೊಡಗಿನಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೋದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಅಂಥವರ ಮುಂದೆ ಬಂದೂಕು ಕೈಕೊಟ್ಟರೆ ಅದು ಬರಿಯ ಹಾಸ್ಯವಲ್ಲ, ಮಾನಗೇಡು. ಮೇಲಿನ ಮನೆಯ ಅಜ್ಜ ಕುರ್ಚಿಯ ತುದಿಗೆ ಬಂದಿದ್ದರು. “ಒರೆಸಿಲ್ಲ, ಎಣ್ಣೆ ಹಾಕಿಲ್ಲ, ಗುಂಡು ಒದ್ದೆ” ಎಂದು ಒಂದೇ ಉಸಿರಿಗೆ ಕಾರಣ ಕೊಟ್ಟರು. ಎಲ್ಲರೂ ಗೊಳ್ಳೆಂದರು. ಆ ಹೊತ್ತಿಗೆ ತೆರೆಯ ಮೇಲೆ ನಾರ್ಮನ್ ಸತ್ತ ನಾಯಿಯ ಪಕ್ಕದಲ್ಲಿದ್ದ. ಹುಡುಗಿಯರಲ್ಲಿ ಒಬ್ಬಳು ನಗುತ್ತಿದ್ದವಳು ನಿಲ್ಲಿಸಿದಳು. ಅವಳ ಕಾಲ ಬಳಿ ನಮ್ಮ ಮುದಿ ನಾಯಿ ಮಲಗಿತ್ತು. ಅವಳ ಕೈ ತಾನಾಗಿ ಅದರ ಕಿವಿಗೆ ಹೋಯಿತು. ಅಜ್ಜ ಅದನ್ನು ಕಂಡರು. ಹಿಂದೆ ಸರಿದು ಕೂತರು, ಆ ಸಂಜೆಯೆಲ್ಲ ಮತ್ತೆ ಮಾತಾಡಲಿಲ್ಲ.

ಆಗ ನಿಲ್ಲಿಸಬಾರದು. ನಾನು ನಿಲ್ಲಿಸಿದೆ; ಅದೇ ತಪ್ಪು. ದೀಪ ಹಾಕಿದೊಡನೆ ಎಲ್ಲರೂ ತಮ್ಮ ತಮ್ಮ ಮುಖ ಸರಿಮಾಡಿಕೊಂಡರು. ಕಂತು ಮುಗಿಯುವವರೆಗೆ ಕತ್ತಲು ಹಾಗೆಯೇ ಇರಲಿ.

ಕಂತು ಮುಗಿದ ಮೇಲೂ ತಕ್ಷಣ ಕೇಳಬೇಡಿ. ಕಾಫಿ ಕೊಡಿ. ಆ ಸಂಜೆ ಕಕ್ಕಡ ತಿಂಗಳ 18ನೆಯ ದಿನ ಆಗಿದ್ದರಿಂದ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸವಿತ್ತು. ಆ ಸೊಪ್ಪಿನಿಂದ ನೇರಳೆ ಬಣ್ಣವಾದ ಬಾಯಿಗಳು ಒಂದಿಷ್ಟು ತಿಂದು ಸುಮ್ಮನಾದ ಮೇಲೆ ಮೊದಲ ಸುತ್ತು: ‘ಎಲ್ಲಿ ನಕ್ಕಿರಿ?’ ಒಬ್ಬೊಬ್ಬರು ಒಂದೊಂದೇ ಜಾಗ, ಕಾರಣ ಬೇಡ. ಎರಡನೆಯ ಸುತ್ತು: ‘ನಗು ಎಲ್ಲಿ ನಿಂತಿತು?’ ಇಲ್ಲಿಯೂ ಕಾರಣ ಕೇಳಬೇಡಿ, ಅದು ತಾನಾಗಿ ಬರುತ್ತದೆ. ಚಿಕ್ಕವರಿಂದ ಶುರುಮಾಡಿ ಹಿರಿಯರಿಗೆ ಬನ್ನಿ. ಹಿರಿಯರು ಮೊದಲು ಮಾತಾಡಿದರೆ ಉಳಿದವರದೆಲ್ಲ ಪ್ರತಿಧ್ವನಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯಾವುದರಲ್ಲಿ ಬಂದರೆ ಅದರಲ್ಲಿಯೇ ಬರೆದುಕೊಳ್ಳಿ. ಕನ್ನಡಕ್ಕೆ ಆಮೇಲೆ ತಂದರಾಯಿತು.

ಆ ರಾತ್ರಿ ಎಂಟರಲ್ಲಿ ಆರು ಜನ ನಗು ನಿಂತದ್ದು ನಾಯಿಯ ಹತ್ತಿರ ಎಂದರು. ಅಂಗಡಿಯವರಿಗೆ ಸಿಟ್ಟು ಬಂತು. “ಮನುಷ್ಯನನ್ನು ಕೊಲ್ಲಲು ಹೊರಟಾಗ ನಗುತ್ತೀರಿ, ನಾಯಿ ಸತ್ತರೆ ಅಳುತ್ತೀರಿ.” ಒಳ್ಳೆಯ ಜಗಳ ಇದು, ಬಿಡಬಾರದು. ಬ್ರಿಟನ್ನಿನಲ್ಲೂ ಇದೇ ಆಗಿತ್ತು ಎಂದು ಹೇಳಲು ನನ್ನ ಬಳಿ ಒಂದು ಸಂಗತಿ ಇತ್ತು. 1979ರ ಚುನಾವಣೆಯಲ್ಲಿ ಥಾರ್ಪ್ ಅವರ ನಾರ್ತ್ ಡೆವನ್ ಕ್ಷೇತ್ರದಲ್ಲಿಯೇ ಆಬರನ್ ವಾ ಎಂಬ ಪತ್ರಕರ್ತ ‘ನಾಯಿಪ್ರಿಯರ ಪಕ್ಷ’ ಎಂದು ಹೆಸರಿಟ್ಟುಕೊಂಡು ರಿಂಕಾಳ ಪರವಾಗಿ ನಿಂತಿದ್ದ. 79 ಮತ ಬಿದ್ದವು. ಪಂಚಾಯಿತಿಗೆ ನಿಂತು ಸೋತವರು ಈ ಅಂಕಿಯನ್ನು ಕೇಳಿ ತುಸು ಸಮಾಧಾನಗೊಂಡರು, ತಮಗೆ ಅದಕ್ಕಿಂತ ಹೆಚ್ಚು ಬಿದ್ದಿತ್ತಂತೆ. ನಾಯಿಗಾಗಿ ಮರುಗುವುದು ಬಿಳಿಯರ ಚಾಳಿಯೆಂದು ಅವರು ಇನ್ನೂ ವಾದಿಸುತ್ತಿದ್ದಾಗ ಆತಕೂರಿನ ಶಾಸನವನ್ನು ತೆಗೆದೆ. ಮಂಡ್ಯ ಜಿಲ್ಲೆಯ ಆ ಕಲ್ಲು ಸುಮಾರು 949ರದು. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ ಮಣಲೇರನ ಕಥೆ. ಸಾವಿರ ವರ್ಷದ ಹಿಂದಿನ ಕನ್ನಡಿಗ ಅದು. ಮೇಷ್ಟರ ಚಟ, ಕ್ಷಮಿಸಿ. ನೀವು ಇಂಥದ್ದೊಂದನ್ನು ಜೇಬಿನಲ್ಲಿಟ್ಟುಕೊಂಡಿರಿ, ಸಂಜೆಗೆ ಒಂದರಂತೆ.

ಕಾನೂನಿನ ಪ್ರಶ್ನೆ ಎದ್ದೇ ಏಳುತ್ತದೆ. ಅದಕ್ಕೆ ಮೊದಲೇ ತಯಾರಾಗಿರಿ. ‘ಇದನ್ನೆಲ್ಲ ಮನೆಯಲ್ಲಿ ತೋರಿಸಬೇಕಿತ್ತೇ?’ ಎಂದು ಒಬ್ಬರು ನೇರವಾಗಿಯೇ ಕೇಳಿದರು. ನಾನು ವಾದಕ್ಕೆ ಇಳಿಯಲಿಲ್ಲ, ಎರಡು ಇಸವಿಗಳನ್ನು ಸ್ಲೇಟಿನಲ್ಲಿ ಬರೆದೆ. ಇಂಗ್ಲೆಂಡ್ ತನ್ನ ಕಾನೂನನ್ನು ಸಡಿಲಿಸಿದ್ದು 1967. ಅವರೇ 1860ರಲ್ಲಿ ನಮ್ಮ ದಂಡಸಂಹಿತೆಯಲ್ಲಿ ಬರೆದಿಟ್ಟ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6. ಹುಡುಗಿಯರಲ್ಲಿ ಇನ್ನೊಬ್ಬಳು ಕಳೆದು ನೋಡಿದಳು. “ಐವತ್ತೊಂದು ವರ್ಷ ಅವರ ಹಳೆಯ ಬಟ್ಟೆ ನಾವು ಹಾಕಿಕೊಂಡಿದ್ದೆವು” ಎಂದಳು. ಕೇಳಿದವರು ಉತ್ತರಿಸಲಿಲ್ಲ, ಆದರೆ ಮೂರನೆಯ ಸಂಜೆಗೂ ಬಂದರು. ಬಂದರೆ ಸಾಕು. ಇಂಗ್ಲೆಂಡಿನ ಆ ಕಾನೂನು ತಿದ್ದಲು ಶ್ರಮಿಸಿದ ಲಾರ್ಡ್ ಆರನ್ ಮನೆಯಲ್ಲಿ ಬ್ಯಾಜರ್ ಎಂಬ ಕಾಡುಪ್ರಾಣಿ ಸಾಕಿಕೊಂಡಿದ್ದ ದೃಶ್ಯ ಬಂದಾಗ ಮಾತ್ರ, ಅದು ಪುನುಗು ಬೆಕ್ಕೇ, ಅದರಿಂದಲೂ ಕಾಫಿ ಮಾಡುತ್ತಾರೆಯೇ ಎಂದು ಚರ್ಚೆ ದಾರಿ ತಪ್ಪಿತು.

ಮೂರನೆಯ ಸಂಜೆ ನ್ಯಾಯಾಲಯದ್ದು. ಇಲ್ಲಿ ನಗುವಿನ ಗುರುತುಗಳು ಕಡಿಮೆ, ‘ಪ’ ಹೆಚ್ಚು. ನ್ಯಾಯಾಧೀಶ ಕ್ಯಾಂಟ್ಲಿ ಜೂರಿಗೆ ಕಥೆಯನ್ನು ಒಟ್ಟುಗೂಡಿಸಿ ಹೇಳುವಾಗ ನಾರ್ಮನ್ನನನ್ನು ಮೋಸಗಾರ, ಗೋಳುಕರೆಯುವವ, ಪರಾವಲಂಬಿ ಎಂದೆಲ್ಲ ಜರಿದು, ಆದರೂ ಅವನು ನಿಜ ಹೇಳುತ್ತಿರಬಹುದು ಎನ್ನುತ್ತಾರೆ. ಧಾರಾವಾಹಿಯವರು ಉತ್ಪ್ರೇಕ್ಷೆ ಮಾಡಿದ್ದಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ, ನ್ಯಾಯಾಲಯದಲ್ಲಿ ಹಾಗೆಯೇ ನಡೆದಿತ್ತು. ಪೀಟರ್ ಕುಕ್ ಎಂಬ ಹಾಸ್ಯನಟ ಕೆಲವೇ ದಿನಗಳಲ್ಲಿ ವೇದಿಕೆಯ ಮೇಲೆ ಅದನ್ನು ಅಣಕಿಸಿ ಜನರನ್ನು ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡಿದ. ಇದನ್ನು ಹೇಳಲೇಬೇಕು, ಮತ್ತು ಚರ್ಚೆ ಮುಗಿದ ಮೇಲೆ ಹೇಳಬೇಕು. ಯಾವುದು ನಡೆದದ್ದು, ಯಾವುದು ಬರೆದದ್ದು ಎಂಬ ಕೊನೆಯ ಸುತ್ತಿಗೆ ಮೂರು ಕಾಲಂ ಎಳೆಯಿರಿ: ದಾಖಲೆಯಲ್ಲಿರುವುದು, ಒಬ್ಬರು ಹೇಳಿ ಇನ್ನೊಬ್ಬರು ಅಲ್ಲಗಳೆದದ್ದು, ಕಥೆಗಾರ ಹೊಲಿದದ್ದು. ಥಾರ್ಪ್ ಮತ್ತು ಉಳಿದ ಮೂವರು ಆರೋಪಿಗಳು 1979ರ ಜೂನ್ 22ರಂದು ಖುಲಾಸೆಯಾದರು ಎನ್ನುವುದು ಮೊದಲ ಕಾಲಂ. ನಾರ್ಮನ್ ಜೊತೆಗಿನ ಸಂಬಂಧ ಎರಡನೆಯದು, ಥಾರ್ಪ್ ಅದನ್ನು ನಿರಾಕರಿಸಿದ್ದರು. ಮುಚ್ಚಿದ ಕೋಣೆಯ ಪಿಸುಮಾತುಗಳು ಬಹುಪಾಲು ಮೂರನೆಯದು. ನೋಡುವವರು ಕೋಪದಲ್ಲಿ ‘ಅವನೇ ಮಾಡಿಸಿದ್ದು’ ಎನ್ನುತ್ತಾರೆ. ಅದನ್ನು ಪ್ರತಿಕ್ರಿಯೆ ಎಂದು ಬರೆದುಕೊಳ್ಳಿ, ಸಂಗತಿ ಎಂದಲ್ಲ. ನಾರ್ಮನ್ ಸ್ಕಾಟ್ ಕೂಡ ತನ್ನನ್ನು ದುರ್ಬಲನಂತೆ ಚಿತ್ರಿಸಿದ್ದಾರೆ ಎಂದು ಬಹಿರಂಗವಾಗಿ ಬೇಸರಪಟ್ಟಿದ್ದರು. ಬದುಕಿರುವವರನ್ನು ಪಾತ್ರ ಮಾಡಿದಾಗ ಅವರೂ ಒಬ್ಬ ವೀಕ್ಷಕರೇ ಎಂಬುದು ನಮ್ಮ ಕೂಟದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೊನೆಯ ಅಕ್ಷರಗಳು ಓಡಿ ಮುಗಿಯುವವರೆಗೆ ಟಿವಿ ಆರಿಸಬೇಡಿ. ನಾರ್ಮನ್‌ಗೆ ಇನ್ನೂ ಆ ಕಾರ್ಡ್ ಸಿಕ್ಕಿಲ್ಲ ಎಂಬ ಮಾತು ಅಲ್ಲಿ ಬರುತ್ತದೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಎಲ್ಲರೂ ನಕ್ಕರು, ಬಾಣೆಯ ದಾಖಲೆಗೆ ಅಲೆಯುತ್ತಿದ್ದ ಬೆಳೆಗಾರರೊಬ್ಬರನ್ನು ಬಿಟ್ಟು. ಮೂರು ಸಂಜೆಯಲ್ಲಿ ಅವರ ಹೆಸರಿನ ಮುಂದೆ ‘ನ’ ಒಂದೂ ಇರಲಿಲ್ಲ. ಕಥೆ ಹಿಡಿಸಿಲ್ಲ ಎಂದುಕೊಂಡಿದ್ದೆ. ಕೇಳಿದೆ. “ಟೀಚರ್, ನಾನು ಮೊದಲಿನಿಂದಲೂ ಆ ಕಾರ್ಡ್ ಒಂದನ್ನೇ ನೋಡುತ್ತಿದ್ದೆ. ಮಂತ್ರಿ, ಕೊಲೆ, ನಾಯಿ ಎಲ್ಲ ಆಮೇಲೆ. ಒಂದು ಚೀಟಿ ಸರಿಯಾಗಿ ಬರೆದುಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?” ಥಾರ್ಪ್ ಮಂತ್ರಿಯಾಗಿರಲಿಲ್ಲ ಎಂದು ತಿದ್ದಲು ಬಾಯಿ ತೆರೆದವಳು ಮುಚ್ಚಿದೆ. ಯಾವ ಕಚೇರಿಯಲ್ಲಿ ಅವರ ಕಡತ ಕೂತಿದೆ ಎಂದು ನಮಗೆಲ್ಲ ಗೊತ್ತಿತ್ತು. ‘ಮೌ’ ಎಂದು ಗುರುತು ಹಾಕಿದ ಜಾಗಕ್ಕೆಲ್ಲ ಮತ್ತೆ ಹೋಗಿ, ಪಕ್ಕದಲ್ಲಿ ‘ಕಾರ್ಡ್’ ಎಂದು ಬರೆದೆ. ಅದಕ್ಕೇ ಹೇಳುವುದು, ನಗದವರನ್ನು ಕೊನೆಗೆ ಬಿಡದೆ ಕೇಳಿ.

ನೋಟ್‌ಬುಕ್ಕಿನಲ್ಲಿ ಹೆಸರು ಬರೆಯುವುದಾದರೆ ನಿಮಗಷ್ಟೇ ತಿಳಿಯುವ ಅಡ್ಡಹೆಸರು ಬರೆಯಿರಿ. ಊರು ಚಿಕ್ಕದು, 377ರ ಬಗ್ಗೆ ಯಾರು ಏನೆಂದರು ಎಂಬುದು ಮರುದಿನ ಮೂರ್ನಾಡಿನ ಸಂತೆಗೆ ಹೋಗಬಾರದು. ಬರೆದ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಡಿ. ನನ್ನ ಮೊದಲ ಪುಸ್ತಕ ಮಳೆಗಾಲದ ಬೂಸ್ಟಿಗೆ ಹೋಯಿತು. ಮುಂದಿನ ಸಲಕ್ಕೆ ಏನು ಹಾಕಬೇಕೆಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಮೇಲಿನ ಮನೆಯ ಅಜ್ಜ ಟಾರ್ಚ್ ಬಡಿದು ಹೊತ್ತಿಸಿಕೊಳ್ಳುತ್ತ, “ರಾಜಕೀಯ ಏನಾದರೂ ಇರಲಿ, ಕೋವಿ ಹಿಡಿಯಲು ಬರುವವರದು ಹಾಕು. ನಾಯಿ ಬೇಡ” ಎಂದರು.